ಹೊಸ ಪಿಯಾನೋ ಬಿಟ್ಟು ಹಳೆಯದನ್ನು ಆರಿಸಿಕೊಂಡೆ

ನಾನು ಕೊಂಡದ್ದು 1930ರ ದಶಕದಲ್ಲಿ ಲಂಡನ್ನಿನಲ್ಲಿ ತಯಾರಾದ ಅಪ್‌ರೈಟ್ ಪಿಯಾನೋ, ಅಂದರೆ ತಂತಿಗಳು ನೆಟ್ಟಗೆ ನಿಂತಿರುವಂಥದ್ದು. ಹೊಸದಕ್ಕೆ ಅಂತಲೇ ದುಡ್ಡು ಕೂಡಿಟ್ಟಿದ್ದೆ. "ಅಷ್ಟು ದುಡ್ಡಿಟ್ಕೊಂಡು ಯಾರೋ ಬಳಸಿದ್ದು ಯಾಕೋ ಮಗಾ?" ಅಂತ ಅಮ್ಮ ಕೇಳಿದರು. ಇಲ್ಲಿ ಮುಂಬೈಯಲ್ಲಿ, ಮಾಟುಂಗಾದ ಮೈಸೂರು ಅಸೋಸಿಯೇಷನ್‌ನಲ್ಲಿ ಸಿಗುವ ಗೆಳೆಯರೂ ಅದನ್ನೇ ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಕಾರಣ ಒಂದೇ, ನಾದ. ಧೋಬಿ ತಲಾವ್ ಕಡೆಯ ಅಂಗಡಿಗಳಲ್ಲಿ ಹೊಸ ಪಿಯಾನೋಗಳನ್ನು ನುಡಿಸಿ ನೋಡಿದ್ದೆ. ನನ್ನ ಬಜೆಟ್ಟಿಗೆ ಬರುತ್ತಿದ್ದದ್ದು ಕಡಿಮೆ ಎತ್ತರದವು. ಎತ್ತರ ಕಡಿಮೆಯಾದರೆ ಮಂದ್ರದ ತಂತಿಗಳು ಗಿಡ್ಡ, ತಂತಿಯ ನಾದವನ್ನು ದೊಡ್ಡದು ಮಾಡುವ ಹಲಗೆ, ಸೌಂಡ್‌ಬೋರ್ಡ್, ಚಿಕ್ಕದು. ಮೇಲಿನ ಸ್ವರಗಳು ಚೆನ್ನಾಗಿಯೇ ಇದ್ದವು, ಕೆಳಗಿನವು ತುಂಬಿಕೊಂಡು ಬರುತ್ತಿರಲಿಲ್ಲ. ಅದಕ್ಕಿಂತ ಕಡಿಮೆ ದುಡ್ಡಿಗೆ ಎತ್ತರದ ಹಳೇ ಪಿಯಾನೋ ಸಿಗುತ್ತೆ. ಆದರೆ ಹಳೆಯದೆಲ್ಲ ಒಳ್ಳೆಯದಲ್ಲ. ಯಾವುದನ್ನು ರಿಪೇರಿ ಮಾಡಬಹುದು, ಯಾವುದನ್ನು ಮಾಡೋಕಾಗಲ್ಲ ಅನ್ನೋದು ಗೊತ್ತಿರಬೇಕು, ಅಷ್ಟೇ.

ನನ್ನದು ಸಿಕ್ಕಿದ್ದು ಬಾಂದ್ರಾದ ರಣವಾರ್ ಕಡೆಯ ಒಂದು ಹಳೇ ಮನೆಯಲ್ಲಿ. ಮಕ್ಕಳೆಲ್ಲ ವಿದೇಶದಲ್ಲಿ, ಮನೆ ಖಾಲಿ ಮಾಡುತ್ತಿದ್ದರು. ಪಿಯಾನೋ ಶ್ರುತಿ ಮಾಡುವ, ಗೋವಾ ಮೂಲದ ಹಿರಿಯ ಟ್ಯೂನರ್ ಒಬ್ಬರನ್ನು ಫೀ ಕೊಟ್ಟು ಜೊತೆಗೆ ಕರೆದುಕೊಂಡು ಹೋದೆ. ಅವರು ಒಂದು ಸ್ವರವನ್ನೂ ನುಡಿಸಲಿಲ್ಲ. ಮೊದಲು ಮೇಲಿನ ಮುಚ್ಚಳ, ಎದುರಿನ ಹಲಗೆ ತೆಗೆದು ಗೋಡೆಗೆ ಒರಗಿಸಿದರು. ಟ್ಯೂನಿಂಗ್ ಲಿವರನ್ನು ತಂತಿ ಸುತ್ತಿದ ಒಂದು ಪಿನ್ನಿಗೆ ಸಿಕ್ಕಿಸಿ ನನ್ನ ಕೈಗೆ ಕೊಟ್ಟರು. "ಪಾಲಿಶ್ ನೋಡಬೇಡ ಬಾಬಾ, ಇದನ್ನ ತಿರುಗಿಸಿ ನೋಡು." ಪಿನ್ ಬಿಗಿಯಾಗಿ, ಕೈಗೆ ಎದುರು ನಿಂತ ಹಾಗೆ, ನಿಧಾನಕ್ಕೆ ಕದಲಿತು. ಹಾಗೇ ಇರಬೇಕು. ಪಿಯಾನೋದಲ್ಲಿ ಇಂಥ ಪಿನ್ನುಗಳು ಇನ್ನೂರಕ್ಕೂ ಜಾಸ್ತಿ, ಒಂದೊಂದಕ್ಕೂ ಒಂದು ತಂತಿ. ಎಲ್ಲ ಸೇರಿ ಎಳೆಯುವ ಬಲ ಹದಿನೈದು ಟನ್ ದಾಟುತ್ತೆ. ಪಿನ್ನುಗಳನ್ನು ಹಿಡಿದಿಟ್ಟಿರುವುದು ಒಳಗಿನ ಮರದ ಹಲಗೆ, ಪಿನ್‌ಬ್ಲಾಕ್. ಅದು ಬಿರುಕು ಬಿಟ್ಟರೆ ಅಥವಾ ಸೊರಗಿದರೆ ಶ್ರುತಿ ನಿಲ್ಲಲ್ಲ. ಒಂದೆರಡು ಪಿನ್ ಸಡಿಲವಾಗಿದ್ದರೆ ದಪ್ಪ ಪಿನ್ ಹಾಕಬಹುದು. ಬ್ಲಾಕನ್ನೇ ಬದಲಿಸಬೇಕಾದರೆ ಪಿಯಾನೋದ ಬೆಲೆಗಿಂತ ಖರ್ಚು ಜಾಸ್ತಿ.

ಆಮೇಲೆ ಟಾರ್ಚ್ ಹಿಡಿದು ಕೆಳಗಿನ ಹಲಗೆ ತೆಗೆದರು. ಮರವನ್ನು ಬೆರಳಿನಿಂದ ತಟ್ಟುತ್ತಾ ಹೋದರು. ಟೊಳ್ಳು ಸದ್ದು ಬಂದರೆ ಗೆದ್ದಲು. ಸೌಂಡ್‌ಬೋರ್ಡಿನಲ್ಲಿ ಒಂದು ಸಣ್ಣ ಸೀಳು ಕಂಡಿತು. ಅದಕ್ಕೆ ಅವರು ತಲೆಕೆಡಿಸಿಕೊಳ್ಳಲಿಲ್ಲ. ಹಿಂದಿನ ಪಟ್ಟಿಗಳು ಅಂಟಿಕೊಂಡೇ ಇದ್ದರೆ, ನುಡಿಸುವಾಗ ಜಿರ್ರನೆ ಅದುರದಿದ್ದರೆ ಸೀಳಿನಿಂದ ತೊಂದರೆ ಇಲ್ಲ ಅಂದರು. ಕೀ ಒತ್ತಿದಾಗ ತಂತಿಗೆ ಬಡಿಯುವ ಹ್ಯಾಮರ್‌ಗಳ ಫೆಲ್ಟಿನಲ್ಲಿ (ಒತ್ತಾದ ಉಣ್ಣೆಯ ಹೊದಿಕೆಯಲ್ಲಿ) ತಂತಿ ಬಡಿದು ಮೂರು ಮೂರು ಗೆರೆ ಬಿದ್ದಿದ್ದವು. ಅದನ್ನು ಉಜ್ಜಿ ಸರಿಮಾಡಬಹುದು. ನುಸಿ ತಿಂದ ಫೆಲ್ಟ್ ಬದಲಿಸಬಹುದು.

ಇದಕ್ಕೂ ಮುಂಚೆ ಬೇರೆ ಕೆಲವನ್ನು ನೋಡಿ ಬಿಟ್ಟಿದ್ದೆ. ಒಂದರಲ್ಲಿ ಹ್ಯಾಮರ್‌ಗಳ ಮುಂದೆ ಉದ್ದುದ್ದ ಕಂಬಿಗಳ ಸಾಲಿತ್ತು, ಪಂಜರದ ಹಾಗೆ. ಹಳೇ ಇಂಗ್ಲಿಷ್ ಪಿಯಾನೋಗಳಲ್ಲಿ ಇದು ಸಾಮಾನ್ಯ. ಇಂಥವುಗಳಲ್ಲಿ ತಂತಿಯನ್ನು ಒತ್ತಿ ಸದ್ದು ನಿಲ್ಲಿಸುವ ಡ್ಯಾಂಪರ್ ಹ್ಯಾಮರಿನ ಮೇಲ್ಗಡೆ ಕೂರುವುದರಿಂದ ಕೀ ಬಿಟ್ಟ ಮೇಲೂ ಸ್ವರ ಪೂರ್ತಿ ನಿಲ್ಲಲ್ಲ. ನೋಡೋಕೆ ಎಷ್ಟೇ ಚೆಂದ ಇರಲಿ, ನಾನಂತೂ ಅದನ್ನು ಕೊಳ್ಳಿ ಅನ್ನಲ್ಲ. ಕೊಳ್ಳುವ ಪಿಯಾನೋಗೆ ಪೂರ್ತಿ ಕಬ್ಬಿಣದ ಫ್ರೇಮ್ ಇರಬೇಕು, ಮಂದ್ರದ ತಂತಿಗಳು ಉಳಿದವುಗಳ ಮೇಲೆ ಅಡ್ಡ ಹಾದಿರಬೇಕು. ಇನ್ನೊಂದರ ಬಿಳಿ ಕೀಗಳು ದಂತದವು. ನಮ್ಮಲ್ಲಿ ದಂತದ ಮಾರಾಟ ಕಾನೂನಿಗೆ ವಿರುದ್ಧ. ಒಂದೊಂದು ಬಿಳಿ ಕೀ ಮೇಲೂ ಎರಡು ತುಂಡು ಸೇರಿದ ತೆಳು ಗೆರೆ, ಒಳಗೆ ಸಣ್ಣ ಎಳೆಗಳು ಕಂಡರೆ ಅದು ದಂತ ಇರಬಹುದು. ನನ್ನದರಲ್ಲಿ ಸೆಲ್ಯುಲಾಯ್ಡ್, ಅಂದರೆ ಹಳೇ ಕಾಲದ ಪ್ಲಾಸ್ಟಿಕ್ ಇದೆ, ಆ ಚಿಂತೆ ಇಲ್ಲ.

ಸಾಗಣೆ, ರಿಪೇರಿ ಎಲ್ಲ ಸೇರಿದರೂ ಹೊಸದರ ಅರ್ಧಕ್ಕಿಂತ ಕಡಿಮೆ ಆಯಿತು. ಒಂದು ಅಪ್‌ರೈಟ್ ಇನ್ನೂರು ಕಿಲೋ ಮೀರಿ ತೂಗುತ್ತೆ. ಪಿಯಾನೋ ಹೊತ್ತು ಅಭ್ಯಾಸ ಇರುವವರನ್ನೇ ಕರೆಸಿ. ಬೀರು, ಸೋಫಾ ಸಾಗಿಸುವವರಿಗೆ ಇದು ಆಗಲ್ಲ. ಮೆಟ್ಟಿಲ ತಿರುವಿನ ಅಗಲವನ್ನು ಮೊದಲೇ ಟೇಪ್ ಹಿಡಿದು ಅಳೆದಿಟ್ಟುಕೊಳ್ಳಿ.

ಶ್ರುತಿ ಅರ್ಧ ಸ್ವರದಷ್ಟು ಇಳಿದಿತ್ತು. ಟ್ಯೂನರ್ ಒಂದೇ ಸಲ ಎಳೆಯಲಿಲ್ಲ. ಹಾಗೆ ಎಳೆದರೆ ತುಕ್ಕು ಹಿಡಿದ ತಂತಿ ಪಟ್ಟನೆ ತುಂಡಾಗುತ್ತೆ. ವಾರಗಳ ಅಂತರ ಬಿಟ್ಟು, ಸ್ವಲ್ಪ ಸ್ವಲ್ಪವೇ ಏರಿಸಿ ಈಗ ಎಲ್ಲೆಡೆ ಬಳಸುವ 440 ಹರ್ಟ್ಸ್ ಶ್ರುತಿಗೆ ತಂದರು. ಆ ಸಮಯ ಕೊಡೋಕೆ ಆಗದವರು, ಅಥವಾ ಮಗುವಿಗೆ ಪರೀಕ್ಷೆ ಹತ್ತಿರ ಇದೆ ಅನ್ನೋರು, ಹೊಸದು ಕೊಳ್ಳುವುದೇ ವಾಸಿ.

ಇನ್ನು ಮುಂಬೈ ಮಳೆ. ಜೂನ್ ಬಂತು ಅಂದರೆ ಕೀ ಕೆಳಗಿನ ಬಟ್ಟೆ, ಫೆಲ್ಟ್ ಎಲ್ಲ ತೇವ ಕುಡಿದು ಊದಿಕೊಳ್ಳುತ್ತವೆ. ಒತ್ತಿದ ಕೀ ಮೇಲೇಳಲ್ಲ. ಮರ ಹಿಗ್ಗಿ ಶ್ರುತಿಯೂ ಮೇಲೇರುತ್ತೆ. ಹಳೇ ಮನೆಗಳಲ್ಲಿ ಪಿಯಾನೋದೊಳಗೆ ಒಂದು ಚಿಕ್ಕ ಬಲ್ಬ್ ಉರಿಸುತ್ತಿದ್ದರು. ಅದು ಫಿಲಮೆಂಟ್ ಬಲ್ಬೇ ಆಗಬೇಕು, ಎಲ್‌ಇಡಿಯಿಂದ ಸಾಕಷ್ಟು ಶಾಖ ಬರಲ್ಲ. ನಾನು ಇದಕ್ಕೆಂದೇ ಸಿಗುವ ಕಡಿಮೆ ವ್ಯಾಟಿನ ಹೀಟರ್ ಸರಳನ್ನು ಕೆಳಗಡೆ ಹಾಕಿಸಿದ್ದೇನೆ. ಪಿಯಾನೋವನ್ನು ಮಳೆ ಬಡಿಯುವ ಗೋಡೆಗೆ ಇಡದೆ ಒಳಗಿನ ಗೋಡೆಗೆ, ನಡುವೆ ಒಂದು ಗೇಣು ಜಾಗ ಬಿಟ್ಟು ನಿಲ್ಲಿಸಿದ್ದೇನೆ. ಟ್ಯೂನಿಂಗ್ ಮಾಡಿಸುವುದು ಮಳೆ ನಿಂತು, ಮರ ಒಣಗಿ ಒಂದು ಹದಕ್ಕೆ ಬಂದ ಮೇಲೆ, ನವೆಂಬರ್‌ನಲ್ಲಿ. ಆಗ ಎಲ್ಲರಿಗೂ ಟ್ಯೂನರ್ ಬೇಕು. ಅಕ್ಟೋಬರ್ ಮೊದಲ ವಾರವೇ ಫೋನ್ ಮಾಡಿ ದಿನ ಗೊತ್ತುಮಾಡಿಕೊಳ್ಳಿ.