ಇಲ್ಲಿಯವರು ನಮ್ಮನ್ನ ನಿಜವಾಗ್ಲೂ ಏನಂದ್ಕೊಂಡಿದ್ದಾರೆ? ಹೊಸದಾಗಿ ಬಂದೋರಿಗೆ ಒಂದಷ್ಟು ಮಾತು

ಬ್ಯಾಂಕ್ ಅಕೌಂಟು, ಟ್ಯಾಕ್ಸ್ ನಂಬರು, ಇನ್ಶೂರೆನ್ಸು, ಮನೆ ಅಗ್ರಿಮೆಂಟು ಇವನ್ನೆಲ್ಲ ಬಂದ ತಿಂಗಳಲ್ಲೇ ಮುಗಿಸಿ ಎಲ್ಲದರ ಕಾಪಿ ಇಟ್ಕೊಳ್ಳಿ, ಅದರ ಬಗ್ಗೆ ಬರೆಯೋರು ಬೇಕಾದಷ್ಟು ಜನ ಇದ್ದಾರೆ. ನಾನು ಹೇಳೋಕೆ ಹೊರಟಿರೋದು ಹೊರದೇಶಕ್ಕೆ ಬಂದ ನಮ್ಮ ಕನ್ನಡದ ಹೊಸಬರು ಒಂದಷ್ಟು ತಿಂಗಳು ಕಳೆದ ಮೇಲೆ ಮೆಲ್ಲಗೆ ಕೇಳೋ ಪ್ರಶ್ನೆ ಬಗ್ಗೆ. ಆಫೀಸಲ್ಲಿ ಎಲ್ರೂ ನಗ್ತಾ ಮಾತಾಡ್ತಾರೆ, ಪಕ್ಕದ ಮನೆಯವರು ಕೈ ಬೀಸ್ತಾರೆ, ಆದ್ರೆ ಟೀವಿ ಹಾಕಿದ್ರೆ ವಲಸಿಗರಿಂದ ದೇಶ ಹಾಳಾಯ್ತು ಅನ್ನೋ ಕೂಗಾಟ, ಎಲೆಕ್ಷನ್ ಬಂದ್ರೆ ಅದೇ ನಗೋ ಜನಾನೇ ಹೋಗಿ ಆ ಕೂಗಾಟಕ್ಕೆ ವೋಟು ಹಾಕಿ ಬರ್ತಾರೆ. ಯಾವುದನ್ನ ನಂಬೋದು?

ಎರಡನ್ನೂ ನಂಬಿ ಅಂತೀನಿ ನಾನು. ನಿಮ್ಮ ಜೊತೆ ನಗೋನು ನಿಜವಾಗ್ಲೂ ನಗ್ತಿದ್ದಾನೆ, ವೋಟು ಹಾಕೋವಾಗ ಅವನ ತಲೇಲಿರೋದು ನೀವಲ್ಲ, ಸುದ್ದಿಯಲ್ಲಿ ನೋಡಿದ ಯಾವುದೋ ಒಂದು ಗುಂಪು. ಇವೆರಡೂ ಬೇರೆ ಬೇರೆ ಖಾತೆ ಅಂತ ಅರ್ಥ ಆಗೋಕೆ ನಮ್ಮಲ್ಲಿ ಬಹಳ ಜನಕ್ಕೆ ವರ್ಷಗಳೇ ಬೇಕಾಗುತ್ತೆ, ಕೆಲವರಿಗೆ ಸಿಟಿಜನ್‌ಶಿಪ್ ಬಂದ ಮೇಲೂ ಆಗಿಲ್ಲ.

ನಮ್ಮವರು ಮೊದಲು ಹೇಳೋ ಕಾರಣ ಒಂದೇ, "ಅವರ ಕೆಲಸ ನಾವು ಕಿತ್ಕೊಂಡ್ವಿ ಅಂತ ಹೊಟ್ಟೆಕಿಚ್ಚು ಕಣ್ರೀ". ಕೇಳೋಕೆ ಚೆನ್ನಾಗಿದೆ, ನಮ್ಮ ಬೆನ್ನು ನಾವೇ ತಟ್ಕೊಂಡ ಹಾಗೂ ಆಗುತ್ತೆ. ಆದ್ರೆ ಹೈನ್‌ಮುಲ್ಲರ್ ಮತ್ತು ಹಾಪ್ಕಿನ್ಸ್ ಅನ್ನೋ ಇಬ್ಬರು ರಾಜಕೀಯ ಶಾಸ್ತ್ರದವರು 2014ರಲ್ಲಿ ಬೇರೆ ಬೇರೆ ದೇಶಗಳ ಸುಮಾರು ನೂರು ಅಧ್ಯಯನಗಳನ್ನ ಒಟ್ಟಿಗೆ ಇಟ್ಕೊಂಡು ನೋಡಿದಾಗ ಈ ವಾದಕ್ಕೆ ಅಂಥ ಬಲ ಸಿಗಲಿಲ್ಲ. ತನ್ನ ಕೆಲಸ ಹೋಗುತ್ತೆ ಅನ್ನೋ ಭಯಕ್ಕಿಂತ ನಮ್ಮ ದೇಶ ಏನಾಗ್ತಿದೆ, ನಮ್ಮ ಭಾಷೆ ನಮ್ಮ ರೀತಿ ಉಳಿಯುತ್ತಾ ಅನ್ನೋ ಚಿಂತೆನೇ ಹೆಚ್ಚು ಕೆಲಸ ಮಾಡುತ್ತಂತೆ. ರಿಟೈರ್ ಆಗಿರೋ ಅಜ್ಜನ ಕೆಲಸ ಯಾರು ಕಿತ್ಕೋತಾರೆ ಹೇಳಿ, ಆದ್ರೂ ಸಿಟ್ಟು ಇರುತ್ತಲ್ಲ. ಕನ್ನಡದವರಾಗಿ ಈ ಚಿಂತೆ ನಮಗೆ ಅರ್ಥಾನೇ ಆಗಲ್ಲ ಅಂದ್ರೆ ಅದು ಶುದ್ಧ ನಾಟಕ. ಹೊರಗಿಂದ ಬಂದೋರು ನಮ್ಮ ಭಾಷೆ ಕಲಿಯಲ್ಲ, ನಮ್ಮೂರಲ್ಲೇ ನಾವು ಪರಕೀಯರಾದ್ವಿ ಅಂತ ನಾವು ಆಡಿದ ಮಾತೆಲ್ಲ ಎಲ್ಲಿ ಹೋಯ್ತು? ವಿಮಾನ ಹತ್ತಿದ ತಕ್ಷಣ ಪಾತ್ರ ಅದಲುಬದಲಾಯ್ತು, ಡೈಲಾಗ್ ಮಾತ್ರ ಅದೇ. ಅದಕ್ಕೇ ನನ್ನ ಮೊದಲ ಸಲಹೆ, ಇಲ್ಲಿನ ಭಾಷೆ ಕೆಲಸಕ್ಕೆ ಬೇಕಾದಷ್ಟಲ್ಲ, ಜೋಕ್ ಅರ್ಥ ಆಗೋಷ್ಟು ಕಲೀರಿ. ಇಂಗ್ಲಿಷ್ ದೇಶಕ್ಕೆ ಬಂದೋರಿಗೂ ಈ ಮಾತು ಅನ್ವಯಿಸುತ್ತೆ.

ಇನ್ನೊಂದು, ಸಂಖ್ಯೆ. ಅಮೆರಿಕ, ಬ್ರಿಟನ್, ಫ್ರಾನ್ಸ್, ಜರ್ಮನಿ, ಇಟಲಿ, ಸ್ವೀಡನ್ ಈ ಆರು ದೇಶಗಳಲ್ಲಿ ಅರ್ಥಶಾಸ್ತ್ರದವರು ಸರ್ವೇ ಮಾಡಿದಾಗ ಆರರಲ್ಲೂ ಜನ ವಲಸಿಗರ ಸಂಖ್ಯೆಯನ್ನ ಇರೋದಕ್ಕಿಂತ ಎಷ್ಟೋ ಹೆಚ್ಚು ಅಂತ ಅಂದಾಜು ಮಾಡಿದ್ರು, ಜೊತೆಗೆ ಅವರು ಇರೋದಕ್ಕಿಂತ ಬಡವರು, ಕಡಿಮೆ ಓದಿದೋರು ಅಂತ ಬೇರೆ ಅಂದ್ಕೊಂಡಿದ್ರು. ಹಾಗಂತ ನೀವು ಫೋನ್ ತೆಗೆದು ನಿಜವಾದ ಅಂಕಿ ತೋರಿಸೋಕೆ ಹೋಗ್ಬೇಡಿ. ಅಂಕಿ ತೋರಿಸಿ ಮನಸ್ಸು ಗೆದ್ದೋರನ್ನ ನಾನಂತೂ ನೋಡಿಲ್ಲ, ವಾದ ಗೆದ್ದು ಊಟಕ್ಕೆ ಕರೆಯೋರನ್ನ ಕಳ್ಕೊಂಡೋರನ್ನ ನೋಡಿದೀನಿ.

ಎಷ್ಟು ಜನ ಬಂದ್ರು ಅನ್ನೋದಕ್ಕಿಂತ ಎಷ್ಟು ಬೇಗ ಬಂದ್ರು ಅನ್ನೋದೇ ಹೆಚ್ಚು ಮುಖ್ಯ. ಇಂಗ್ಲೆಂಡಿನ ಲಿಂಕನ್‌ಶೈರ್‌ನಲ್ಲಿ ಬಾಸ್ಟನ್ ಅಂತ ಒಂದು ಸಣ್ಣ ಊರಿದೆ, ಸುತ್ತ ತರಕಾರಿ ಬೆಳೆಯೋ ಹೊಲಗಳು. 2004ರಲ್ಲಿ ಯುರೋಪಿಯನ್ ಯೂನಿಯನ್ ಪೂರ್ವಕ್ಕೆ ವಿಸ್ತಾರ ಆದ್ಮೇಲೆ ಪೋಲೆಂಡ್, ಲಿಥುವೇನಿಯಾ ಕಡೆಯಿಂದ ಕೆಲಸಕ್ಕೆ ಬಹಳ ಜನ ಬಂದ್ರು, ಕೆಲವೇ ವರ್ಷದಲ್ಲಿ ಊರಿನ ಮುಖಾನೇ ಬದಲಾಯ್ತು. 2016ರ ಬ್ರೆಕ್ಸಿಟ್ ವೋಟಲ್ಲಿ ಅಲ್ಲಿ 75.6% ಜನ ಯೂನಿಯನ್ ಬಿಟ್ಟು ಹೊರಗೆ ಹೋಗೋಣ ಅಂದ್ರು, ಇಡೀ ದೇಶದಲ್ಲೇ ಅತಿ ಹೆಚ್ಚು. ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ವಲಸಿಗರಿರೋ ಲಂಡನ್ ಉಳಿಯೋಣ ಅಂದಿತ್ತು. ಇದರಲ್ಲಿ ಗಮನಿಸಬೇಕಾದ್ದು, ಬಂದೋರು ಬಿಳಿಯರು, ಕ್ರೈಸ್ತರು, ಅಂದ್ರೆ ಎಲ್ಲಾನೂ ಚರ್ಮದ ಬಣ್ಣಕ್ಕೇ ಕಟ್ಟೋಕಾಗಲ್ಲ (ಬಣ್ಣ ಲೆಕ್ಕಕ್ಕೇ ಇಲ್ಲ ಅಂತಾನೂ ಅಲ್ಲ, ಅದು ನಿಮಗೇ ಗೊತ್ತಾಗುತ್ತೆ). ಊರು ಬದಲಾಗೋದೊಂದೇ ಸಾಲದು, ಮೇಲಿಂದ ರಾಜಕಾರಣಿಗಳು, ಪೇಪರಿನವರು ದಿನಾ ಅದನ್ನೇ ಕೂಗ್ತಿರಬೇಕು, ಆಗ ಮಾತ್ರ ಕಿಡಿ ಹತ್ತೋದು. ಮನೆ ಹುಡುಕೋವಾಗ ಬಾಡಿಗೆ, ಸ್ಕೂಲ್ ರೇಟಿಂಗ್ ಜೊತೆ ಆ ಏರಿಯಾದಲ್ಲಿ ಹೊರಗಿನವರು ಎಷ್ಟು ಕಾಲದಿಂದ ಇದ್ದಾರೆ ಅನ್ನೋದನ್ನೂ ಕೇಳ್ಕೊಳ್ಳಿ.

ಈಗ ನನಗೆ ಅತಿ ಹೆಚ್ಚು ತಲೆಬಿಸಿ ಮಾಡಿದ ಪ್ರಯೋಗ ಹೇಳ್ತೀನಿ. ಇದು ಅಮೆರಿಕದ ಬಾಸ್ಟನ್ನು. ಸುತ್ತಲಿನ ಉಪನಗರಗಳ ಟ್ರೈನ್ ಸ್ಟೇಷನ್‌ಗಳಲ್ಲಿ ಹೆಚ್ಚುಕಡಿಮೆ ಬರೀ ಬಿಳಿಯರು ಓಡಾಡ್ತಿದ್ರು, ಅಲ್ಲಿ ರಯಾನ್ ಎನೋಸ್ ಅನ್ನೋ ಸಂಶೋಧಕರು ಸ್ಪ್ಯಾನಿಷ್ ಮಾತಾಡೋ ಒಂದೊಂದು ಜೋಡಿಯನ್ನ ದಿನಾ ಅದೇ ಹೊತ್ತಿಗೆ ಪ್ಲಾಟ್‌ಫಾರಂನಲ್ಲಿ ನಿಲ್ಲಿಸಿದ್ರು. ಅಷ್ಟೇ. ಗಲಾಟೆ ಇಲ್ಲ, ಯಾರ ತಂಟೆಗೂ ಹೋಗಿಲ್ಲ, ಸುಮ್ಮನೆ ಟ್ರೈನ್ ಕಾಯ್ತಾ ನಿಂತಿದ್ರು. ಕೆಲವೇ ದಿನದಲ್ಲಿ ಅಲ್ಲಿನ ಪ್ರಯಾಣಿಕರ ಅಭಿಪ್ರಾಯ ವಲಸೆ ವಿರುದ್ಧ ಗಟ್ಟಿಯಾಯ್ತು. ಆದ್ರೆ ದಿನ ಹೆಚ್ಚಾದ ಹಾಗೆ ಆ ಬಿರುಸು ಇಳಿಯೋಕೆ ಶುರುವಾಯ್ತು, ಪ್ರಯಾಣಿಕರು ಆ ಜೋಡಿಗಳನ್ನ ಗುರುತು ಹಿಡಿದು ನಗೋಕೂ ಶುರು ಮಾಡಿದ್ರು. 2014ರಲ್ಲಿ ಇದು ಪ್ರಕಟ ಆಯ್ತು.

ಇದನ್ನ ಓದಿದ ಮೇಲೆ ನಮ್ಮ ಅಪ್ಪಅಮ್ಮಂದಿರ ಒಂದು ಅಭ್ಯಾಸ ನೋಡಿದ್ರೆ ಮೈ ಉರಿಯುತ್ತೆ. ಬಸ್ಸಲ್ಲಿ ಮಗು ಕನ್ನಡದಲ್ಲಿ ಜೋರಾಗಿ ಏನೋ ಕೇಳುತ್ತೆ, ತಾಯಿ ಸುತ್ತ ಒಂದು ಸಲ ಕಣ್ಣಾಡಿಸಿ "ಶ್ಶ್, ಮೆಲ್ಲಗೆ" ಅಂತಾಳೆ, ಇಲ್ಲಾಂದ್ರೆ ತಾನೇ ಇಲ್ಲಿನ ಭಾಷೆಯಲ್ಲಿ ಉತ್ತರ ಕೊಡ್ತಾಳೆ. ಮಗುಗೆ ಅಲ್ಲೇ ಗೊತ್ತಾಗಿಬಿಡುತ್ತೆ ಇದು ಮನೆಯೊಳಗೆ ಮಾತ್ರ ಆಡೋ ಭಾಷೆ, ಮುಚ್ಚಿಡೋ ಭಾಷೆ ಅಂತ. ಆಮೇಲೆ ವಾರಕ್ಕೊಂದು ದಿನ ಕನ್ನಡ ಕ್ಲಾಸಿಗೆ ಎಳ್ಕೊಂಡು ಹೋಗಿ ಅಆಇಈ ತಿದ್ದಿಸಿದ್ರೆ ಏನ್ ಬಂತು? ಪ್ಲಾಟ್‌ಫಾರಂನಲ್ಲಿ ನಿಂತೋರ ತಪ್ಪೇನೂ ಇರಲಿಲ್ಲ, ಮೆಲ್ಲಗೆ ಮಾತಾಡಿದ್ರೂ ಅದೇ ಆಗ್ತಿತ್ತು. ಅವಿತ್ಕೊಳ್ಳೋದ್ರಿಂದ ಏನೂ ಬದಲಾಗಲ್ಲ, ಮುಖಪರಿಚಯ ಆಗೋದ್ರಿಂದ ಸ್ವಲ್ಪ ಆಗುತ್ತೆ. ಹಾಗಾಗಿ ಅದೇ ಬಸ್ಸು, ಅದೇ ಪಾರ್ಕು, ಅದೇ ಲೈಬ್ರರಿಗೆ ದಿನಾ ಹೋಗಿ, ಒಂದೇ ಕಡೆ ಬೇರು ಬಿಡಿ.

ಬರೀ ಮುಖಪರಿಚಯ ಆದ್ರೂ ಸಾಲಲ್ಲ. 1954ರಲ್ಲೇ ಗೋರ್ಡನ್ ಆಲ್‌ಪೋರ್ಟ್ ಅನ್ನೋ ಮನಶ್ಶಾಸ್ತ್ರಜ್ಞ ಹೇಳಿದ್ದು, ಇಬ್ಬರೂ ಸಮಾನ ಸ್ಥಾನದಲ್ಲಿ ನಿಂತು, ಒಂದೇ ಗುರಿಗೆ ಒಟ್ಟಿಗೆ ದುಡಿದು, ಅದಕ್ಕೆ ಮೇಲಿನವರ ಬೆಂಬಲಾನೂ ಇದ್ರೆ ಪೂರ್ವಗ್ರಹ ಕರಗುತ್ತೆ ಅಂತ. ಐನೂರಕ್ಕೂ ಹೆಚ್ಚು ಅಧ್ಯಯನಗಳನ್ನ ಸೇರಿಸಿ 2006ರಲ್ಲಿ ಲೆಕ್ಕ ಹಾಕಿದಾಗಲೂ ಒಟ್ಟಾರೆ ಸಂಪರ್ಕದಿಂದ ಒಳ್ಳೇದಾಗುತ್ತೆ ಅಂತಾನೇ ಬಂತು. ನಾವೇನ್ಮಾಡ್ತೀವಿ? ಕನ್ನಡ ಸಂಘದಲ್ಲಿ ವರ್ಷಕ್ಕೊಂದು ಸಲ ಸ್ಟೇಜ್ ಹಾಕಿ ಇಲ್ಲಿಯವರನ್ನ ಕರೆದು ಮುಂದಿನ ಸಾಲಲ್ಲಿ ಕೂರಿಸಿ ಶಾಲು ಹೊದಿಸಿ ಕಳಿಸ್ತೀವಿ. ಅವರು ಅತಿಥಿ, ನಾವು ಪ್ರದರ್ಶನ. ಇದರಲ್ಲಿ ಒಟ್ಟಿಗೆ ದುಡಿಯೋದು ಎಲ್ಲಿ ಬಂತು? ಸ್ಕೂಲಿನ ಪೇರೆಂಟ್ಸ್ ಕಮಿಟಿ ಸೇರಿ, ಬೀದಿ ಕ್ಲೀನ್ ಮಾಡೋ ದಿನ ಪೊರಕೆ ಹಿಡೀರಿ, ಮಕ್ಕಳ ಟೀಮಿಗೆ ಕೋಚ್ ಆಗಿ, ಬೋರ್ ಆದ್ರೂ ಹೋಗಿ.

ಇಲ್ಲೂ ಒಂದು ಕೊಕ್ಕೆ ಇದೆ. ಐಸಿಸ್ ಹಾವಳಿ ಆದ್ಮೇಲೆ ಇರಾಕಿನಲ್ಲಿ ನಿರಾಶ್ರಿತ ಕ್ರೈಸ್ತರ ಫುಟ್‌ಬಾಲ್ ಟೀಮುಗಳಿಗೆ ಮುಸ್ಲಿಂ ಆಟಗಾರರನ್ನ ಸೇರಿಸಿ ಸಲ್ಮಾ ಮೂಸಾ ಅನ್ನೋರು ಒಂದು ಪ್ರಯೋಗ ಮಾಡಿದ್ರು, 2020ರಲ್ಲಿ ಪ್ರಕಟ ಆಯ್ತು. ಜೊತೆಗೆ ಆಡಿದ ಕ್ರೈಸ್ತರು ತಿಂಗಳುಗಟ್ಟಲೆ ಆದ್ಮೇಲೂ ಮುಸ್ಲಿಂ ಆಟಗಾರರ ಜೊತೆ ಪ್ರಾಕ್ಟೀಸ್ ಮಾಡ್ತಿದ್ರು, ಅದು ದೊಡ್ಡ ವಿಷಯಾನೇ. ಆದ್ರೆ ಮೈದಾನದ ಹೊರಗಿನ ಅಪರಿಚಿತ ಮುಸ್ಲಿಮರ ಜೊತೆ ಬೆರೆಯೋದರಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಗೆಳೆಯ ಗೆಳೆಯನೇ, ಗುಂಪು ಗುಂಪೇ.

ಆಫೀಸಲ್ಲಿ ನಿಮಗೂ ಇದು ಸಿಗುತ್ತೆ. ಕಾಫಿ ಮಷೀನ್ ಹತ್ರ ಒಬ್ಬ ಒಳ್ಳೇ ಮನುಷ್ಯ, ನಿಜವಾಗ್ಲೂ ಒಳ್ಳೇವನು, ಭುಜ ತಟ್ಟಿ ಹೇಳ್ತಾನೆ, "ನಿನ್ನಂಥೋರು ಬಂದ್ರೆ ನಮಗೇನೂ ಬೇಜಾರಿಲ್ಲಪ್ಪ, ಪ್ರಾಬ್ಲಂ ಇರೋದು ಆ ಬೇರೆಯವರ ಜೊತೆ." ನಮ್ಮೋರಿಗೆ ಇದನ್ನ ಕೇಳಿ ಆಗೋ ಖುಷಿ ಇದೆಯಲ್ಲ, ಮನೆಗೆ ಬಂದು ಹೆಂಡ್ತಿಗೆ ಹೇಳಿ, ಊರಿಗೆ ಫೋನ್ ಮಾಡಿ ಹೇಳ್ತಾರೆ! ವಾರದ ಕೊನೆಗೆ ನಮ್ಮವರೇ ಹತ್ತು ಮನೆ ಸೇರಿದಾಗ ಇನ್ನೂ ಜೋರು, ನಾವು ಓದಿ ಬಂದೋರು, ಟ್ಯಾಕ್ಸ್ ಕಟ್ಟೋರು, ಆ ನಿರಾಶ್ರಿತರಿಂದ ನಮ್ಮ ಹೆಸರೂ ಕೆಡ್ತಿದೆ ಅಂತ. ಈ ಬುದ್ಧಿ ಹೊಸದೇನಲ್ಲ. ನೂರು ವರ್ಷದ ಹಿಂದೆ ಅಮೆರಿಕದಲ್ಲಿ ಹೊರಗಿಂದ ಬಂದೋರಲ್ಲಿ ಬಿಳಿಯರು, ಆಫ್ರಿಕಾ ಮೂಲದವರನ್ನ ಬಿಟ್ಟು ಬೇರೆಯವರಿಗೆ ಪೌರತ್ವ ಕೊಡ್ತಿರಲಿಲ್ಲ. ಅವರ ಸೇನೇಲಿ ಕೆಲಸ ಮಾಡಿದ್ದ ಪಂಜಾಬಿನ ಭಗತ್ ಸಿಂಗ್ ಥಿಂಡ್ ಕೋರ್ಟಿಗೆ ಹೋಗಿ, ನಾನು ಆರ್ಯ, ಮೇಲ್ಜಾತಿಯವನು, ಹಾಗಾಗಿ ನಾನೂ ಬಿಳಿಯನೇ ಅಂತ ವಾದ ಮಾಡಿಸಿದ್ರು. 1923ರಲ್ಲಿ ಸುಪ್ರೀಂ ಕೋರ್ಟ್ ಒಂದೇ ದನಿಯಲ್ಲಿ ಆಗಲ್ಲ ಅಂತು, ಅದಾದ್ಮೇಲೆ ಆಗಲೇ ಪೌರತ್ವ ಸಿಕ್ಕಿದ್ದ ಎಷ್ಟೋ ಭಾರತೀಯರದ್ದನ್ನೂ ಕಿತ್ಕೊಂಡ್ರು. ಥಿಂಡ್ ಮೇಲೆ ನನಗೆ ಸಿಟ್ಟಿಲ್ಲ, ಆ ಕಾನೂನಿನಲ್ಲಿ ಅವರಿಗೆ ಇದ್ದ ಬಾಗಿಲು ಅದೊಂದೇ. ನಮಗೆ ಹಂಗೇನಿಲ್ಲವಲ್ಲ. ಯಾರಾದ್ರೂ ಭುಜ ತಟ್ಟಿದ್ರೆ ನಾನು "ನಾನೂ ಅವರ ಥರಾನೇ ಬಂದೋನು, ನಿನಗೆ ನನ್ನ ಪರಿಚಯ ಇದೆ ಅಷ್ಟೇ" ಅಂತೀನಿ. ಒಂದು ಕ್ಷಣ ಮುಜುಗರ ಆಗುತ್ತೆ. ಆಗ್ಲಿ ಬಿಡಿ.

ಮಕ್ಕಳಿಗೆ ಏನು ಹೇಳೋದು ಅಂತ ಎಲ್ರೂ ಕೇಳ್ತಾರೆ. ಸ್ಕೂಲಲ್ಲಿ ಯಾರೋ ಆಟಕ್ಕೆ ಸೇರಿಸ್ಕೊಂಡಿಲ್ಲ ಅಂದ ತಕ್ಷಣ ಬಣ್ಣ, ಜನಾಂಗ ಅಂತ ಭಾಷಣ ಶುರು ಮಾಡ್ಬೇಡಿ. 1970ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹೆನ್ರಿ ತಾಜ್‌ಫೆಲ್ ಅನ್ನೋ ಮನಶ್ಶಾಸ್ತ್ರಜ್ಞ ಇಂಗ್ಲೆಂಡಿನ ಬ್ರಿಸ್ಟಲ್‌ನ ಶಾಲಾ ಹುಡುಗರನ್ನ ನಿಮಗೆ ಇಷ್ಟವಾದ ಚಿತ್ರ ಕ್ಲೇ ಅನ್ನೋ ಕಲಾವಿದ ಬರೆದಿದ್ದು, ನಿಮಗೆ ಕ್ಯಾಂಡಿನ್ಸ್ಕಿ ಅನ್ನೋ ಇನ್ನೊಬ್ಬ ಕಲಾವಿದನದು ಅಂತ ಎರಡು ಗುಂಪು ಮಾಡಿದ್ರು, ಅಷ್ಟು ಸಾಕಾಯ್ತು ಹುಡುಗರು ತಮ್ಮ ಗುಂಪಿಗೇ ಜಾಸ್ತಿ ಕಾಸು ಹಂಚೋಕೆ. ಎಲ್ಲಾ ಒಂದೇ ಊರಿನ ಹುಡುಗರು, ಗುಂಪು ಮಾಡಿದ್ದು ಬಣ್ಣ ನೋಡಿ ಅಲ್ಲ. ಮಕ್ಕಳು ಗುಂಪು ಕಟ್ತಾರೆ, ಬಿಚ್ತಾರೆ. ಆದ್ರೆ ಟೀಚರ್ ಕಡೆಯಿಂದ, ಇಲ್ಲಾ ಪದೇ ಪದೇ ಒಂದೇ ವಿಷಯಕ್ಕೆ ಆಗ್ತಿದ್ರೆ ಸುಮ್ಮನೆ ಕೂರಬೇಡಿ, ಸ್ಕೂಲಿಗೆ ಬರವಣಿಗೆಯಲ್ಲಿ ದೂರು ಕೊಡಿ.

ಇಲ್ಲೇ ಹುಟ್ಟಿದ ಮಕ್ಕಳಿಗೆ ಮಾತ್ರ ಕಷ್ಟ ಬೇರೆ ಥರ. ನಮಗೆ ವಾಪಸ್ ಹೋಗು ಅಂದ್ರೆ ಹೋಗೋಕೆ ಒಂದು ಜಾಗ ಆದ್ರೂ ತಲೇಲಿ ಇದೆ, ಅವರಿಗೆ ಇದೇ ಊರು. ನಾವು ಬಹುಸಂಖ್ಯಾತರಾಗಿ ಬೆಳೆದೋರು, ಆ ಸುಖ ಇತ್ತು ಅಂತಾನೇ ಗೊತ್ತಿರಲಿಲ್ಲ, ಯಾರ ಕಣ್ಣಲ್ಲಿ ನಾವು ಹೆಂಗೆ ಕಾಣ್ತೀವಿ ಅಂತ ಒಂದು ದಿನ ಯೋಚನೆ ಮಾಡಿರಲಿಲ್ಲ. ಮಕ್ಕಳಿಗೆ ಆ ನಿಶ್ಚಿಂತೆ ಸಿಗಲೇ ಇಲ್ಲ. ನಾವು ಕಳ್ಕೊಂಡಿದ್ದು ಏನು ಅಂತ ಕೇಳಿದ್ರೆ ನಾನು ಹಬ್ಬ ಊಟ ಅನ್ನಲ್ಲ, ಇದು ಅಂತೀನಿ.

ಸಂಘದ ಮೀಟಿಂಗಲ್ಲಿ ನಿರಾಶ್ರಿತರ ಮಕ್ಕಳಿಗೆ ಹೋಂವರ್ಕ್ ಹೇಳ್ಕೊಡೋಣ, ಇಲ್ಲಿಯವರನ್ನೂ ಜೊತೆಗೆ ಸೇರಿಸ್ಕೊಳ್ಳೋಣ ಅಂತ ಎಷ್ಟೋ ಸಲ ಎತ್ತಿದೀನಿ, ಮಾತು ಹಾಲ್ ಬುಕಿಂಗ್, ಸೌಂಡ್ ಸಿಸ್ಟಂ ಕಡೆ ಜಾರಿಬಿಡುತ್ತೆ. ಮುಂದಿನ ಸಲ ಹೊಸದಾಗಿ ಬಂದಿರೋ ನೀವೇ ಎತ್ತಿ. ಹಳಬರ ಮಾತು ಯಾರೂ ಕೇಳಲ್ಲ, ಹೊಸಬರು ಕೇಳಿದ್ರೆ ಇಲ್ಲ ಅನ್ನೋಕೆ ಸ್ವಲ್ಪ ಸಂಕೋಚ ಪಡ್ತಾರೆ.