ಬಾಗಿಲು ಹಾಕಿದ ದಿನಗಳಲ್ಲಿ ಮನೆಮಂದಿಯೆಲ್ಲ ಸೇರಿ ಕೌದಿ ಹೊಲಿಯುವುದು ಹೇಗೆ

ಕೌದಿ ಅಂದರೆ ಹಳೇ ಬಟ್ಟೆಗಳನ್ನು ಪದರ ಪದರವಾಗಿ ಸೇರಿಸಿ ಕೈಯಲ್ಲಿ ಹೊಲಿದ ಹೊದಿಕೆ, ಅದಕ್ಕೆ ಹೊಸದಾಗಿ ಏನೂ ಕೊಳ್ಳಬೇಕಾಗಿಲ್ಲ. ಅದಕ್ಕೇ ಅದು ಲಾಕ್‌ಡೌನಿಗೆ ಹೇಳಿ ಮಾಡಿಸಿದ ಕೆಲಸ. ಕೊರೊನಾ ಎರಡನೇ ಅಲೆಗೆ 2021ರ ಏಪ್ರಿಲ್ 27ರ ರಾತ್ರಿಯಿಂದ ನಮ್ಮಲ್ಲಿ ಲಾಕ್‌ಡೌನ್ ಆಯಿತು, ಬಟ್ಟೆ ಅಂಗಡಿಗಳೆಲ್ಲ ಮುಚ್ಚಿದ್ದವು, ಬೆಳಗ್ಗೆ 6ರಿಂದ 10ರವರೆಗೆ ಹಾಲು, ತರಕಾರಿ, ದಿನಸಿ ಅಷ್ಟೇ. ಜೂನ್ 14ಕ್ಕೆ ಬೆಂಗಳೂರಲ್ಲಿ ಸ್ವಲ್ಪ ಸಡಿಲ ಮಾಡಿದರು, ಆದರೆ ಹಾಸನ, ಚಿಕ್ಕಮಗಳೂರು ಸೇರಿ 11 ಜಿಲ್ಲೆಗಳಲ್ಲಿ ಬಿಗಿ ಹಾಗೇ ಉಳಿಯಿತು. ನಮ್ಮದು ಸಕಲೇಶಪುರದ ಕಡೆ. ಹೊರಗೆ ಮಳೆ, ಒಳಗೆ ಅತ್ತೆ, ಯಜಮಾನರು, ಇಬ್ಬರು ಮಕ್ಕಳು, ಬೆಂಗಳೂರಿಂದ ಲ್ಯಾಪ್‌ಟಾಪ್ ಹೊತ್ತು ಬಂದ ಮೈದುನ, ಎಲ್ಲರಿಗೂ ಸೇರಿ ನೆಟ್‌ವರ್ಕ್ ಸಿಗುವ ಜಾಗ ಒಂದೇ ಕಿಟಕಿ. ಆಗ ಅತ್ತೆ ಟ್ರಂಕ್ ತೆಗೆದರು. ಅವರ ತವರು ಅರಸೀಕೆರೆ ಕಡೆ, ಕೌದಿ ಹೊಲಿಯುವುದು ಚಿಕ್ಕಂದಿನಿಂದ ಕೈಗೆ ಬಂದಿದೆ. ಇಲ್ಲಿ ಬರೆಯುವುದೆಲ್ಲ ಹೆಚ್ಚಾಗಿ ಅವರು ಹೇಳಿಕೊಟ್ಟದ್ದು. ಜಗಳ ಆಗದ ಹಾಗೆ ಕೆಲಸ ಹಂಚುವ ಉಪಾಯ ಮಾತ್ರ ನನ್ನದು.

ಮೊದಲು ಬಟ್ಟೆ. ಹಳೇ ಕಾಟನ್ ಸೀರೆ, ಪಂಚೆ, ಲುಂಗಿ, ನೈಟಿ, ಬೆಡ್‌ಶೀಟ್ ಎಲ್ಲ ಆಗುತ್ತದೆ. ಆ ವರ್ಷ ಮನೆಯಲ್ಲೇ ಮಾಸ್ಕ್ ಹೊಲಿದು ಉಳಿದ ಚೂರುಗಳಿದ್ದರೆ ಅವೂ ತೇಪೆಗೆ ಬರುತ್ತವೆ. ನೈಲಾನ್, ಜಾರ್ಜೆಟ್ ಬೇಡ, ಜಾರುತ್ತವೆ, ಬೆವರು ಹೀರುವುದಿಲ್ಲ. ಟೀ ಶರ್ಟ್ ಬಟ್ಟೆ ಎಳೆದ ಕಡೆ ಹಿಗ್ಗುತ್ತದೆ, ಅದೂ ಬೇಡ. ಹಳೇ ರೇಷ್ಮೆ ಮಡಿಕೆಯಲ್ಲೇ ಸೀಳಿಹೋಗಿರುತ್ತದೆ, ಎಷ್ಟೇ ಆಸೆಯಾದರೂ ಬಿಟ್ಟುಬಿಡಿ. ಕಾಟನ್ ಹೌದೋ ಅಲ್ಲವೋ ಅನುಮಾನ ಇದ್ದರೆ ಅಂಚಿಂದ ಒಂದೆರಡು ಎಳೆ ಕಿತ್ತು ಇಕ್ಕಳದಲ್ಲಿ ಹಿಡಿದು ಸುಡಿ. ಕಾಗದ ಸುಟ್ಟ ವಾಸನೆ ಬಂದು ಬೂದಿಯಾದರೆ ಕಾಟನ್. ಕರಗಿ ಗಟ್ಟಿ ಮಣಿ ಆದರೆ ಪಾಲಿಯೆಸ್ಟರ್.

ಇನ್ನೊಂದು ಮಾತು, ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ತೀರಿಹೋದವರ ಬಟ್ಟೆಗೆ ಕತ್ತರಿ ಹಾಕುವ ಮುಂಚೆ ಮನೆಯವರನ್ನೆಲ್ಲ ಕೇಳಿ, ದೂರದಲ್ಲಿರುವ ಮಗಳಿದ್ದರೆ ಫೋನ್ ಮಾಡಿ ಕೇಳಿ. ಎರಡನೇ ಅಲೆಯಲ್ಲಿ ಎಷ್ಟೋ ಮನೆಗಳಲ್ಲಿ ಹೋದವರ ಮುಖ ಕೂಡ ಸರಿಯಾಗಿ ನೋಡಲಾಗಲಿಲ್ಲ, ಉಳಿದದ್ದು ಬೀರುವಿನ ಬಟ್ಟೆ ಮಾತ್ರ. ಕೆಲವರಿಗೆ ಅದು ಕೌದಿಯಾಗಿ ಮೈಮೇಲೆ ಇರಬೇಕು ಅನ್ನಿಸುತ್ತದೆ, ಕೆಲವರಿಗೆ ಮಡಿಕೆ ಕೂಡ ಬಿಚ್ಚುವುದು ಬೇಡ. ಎರಡೂ ಸರಿಯೇ. ಕೊಡುತ್ತೇವೆ ಅಂದರೆ ಸೆರಗನ್ನು ಮೇಲುಭಾಗಕ್ಕೆ ಇಡಿ, ಒಳಪದರಕ್ಕೆ ಹಾಕಿ ಮುಚ್ಚಬೇಡಿ.

ಆರಿಸಿದ ಬಟ್ಟೆಯನ್ನೆಲ್ಲ ಒಗೆದು ಒಣಗಿಸಿ. ಹೊಸ ಬಟ್ಟೆ ಸೇರಿಸುವುದಾದರೆ ಇದು ಬಿಡಲೇಬಾರದು, ಇಲ್ಲದಿದ್ದರೆ ಆಮೇಲೆ ಅದೊಂದೇ ಕುಗ್ಗಿ ಪಕ್ಕದ್ದನ್ನೆಲ್ಲ ಎಳೆಯುತ್ತದೆ. ಕೆಂಪು, ಕಡುನೀಲಿ ಇದ್ದರೆ ಒದ್ದೆ ಮಾಡಿ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ. ಬಣ್ಣ ಹತ್ತಿದರೆ ಪಕ್ಕಕ್ಕಿಡಿ.

ಇನ್ನು ಅಳತೆ. ಸಾಮಾನ್ಯ ಸೀರೆ ಐದೂವರೆ ಮೀಟರ್ ಉದ್ದ, ಪನ್ನ ಸುಮಾರು 1.1 ಮೀಟರ್. ನಾಲ್ಕಾಗಿ ಮಡಚಿದರೆ ಒಂದೇ ಸೀರೆಯಲ್ಲಿ ನಾಲ್ಕು ಪದರದ ಮಗುವಿನ ಕೌದಿ ಸಿದ್ಧ. ಮೊದಲ ಸಲ ಹೊಲಿಯುವವರು ಇದನ್ನೇ ಮಾಡಿ, ಬೇಗ ಮುಗಿಯುತ್ತದೆ, ಬೇಜಾರಾಗುವುದಿಲ್ಲ. ದೊಡ್ಡದು ಬೇಕಾದರೆ ಸೀರೆಯನ್ನು ಮಧ್ಯಕ್ಕೆ ಕತ್ತರಿಸಿ ಎರಡು ತುಂಡನ್ನೂ ಪಕ್ಕಪಕ್ಕ ಜೋಡಿಸಿ, ಇಬ್ಬರು ಹೊದೆಯುವಷ್ಟು ಅಗಲ ಬರುತ್ತದೆ. ಒಬ್ಬರಿಗಾದರೆ 5 ಅಡಿ ಅಗಲ, 7 ಅಡಿ ಉದ್ದ ಸಾಕು.

ಪದರ ಎಷ್ಟು? ಅರಸೀಕೆರೆ, ಕಡೂರಿನಂಥ ಬಯಲು ಸೀಮೆಯಾದರೆ ಐದು ಪದರ ಹಾಕಿದರೂ ಬಿಸಿಲಿಗೆ ಒಣಗುತ್ತದೆ. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆಯವರು ದಯವಿಟ್ಟು ಮೂರಕ್ಕೆ ನಿಲ್ಲಿಸಿ. ಜೂನ್‌ನಿಂದ ಆಗಸ್ಟ್‌ವರೆಗೆ ಇಲ್ಲಿ ಕರ್ಚೀಫೇ ಒಣಗುವುದಿಲ್ಲ, ದಪ್ಪ ಕೌದಿ ಒಗೆದರೆ ಬಚ್ಚಲೊಲೆಯ ಮೇಲೆ ವಾರಗಟ್ಟಲೆ ನೇತಾಡಿ ಮುಗ್ಗಲು ವಾಸನೆ ಹಿಡಿಯುತ್ತದೆ. ಒಂದು ದಪ್ಪ ಕೌದಿಗಿಂತ ಎರಡು ತೆಳು ಕೌದಿ ವಾಸಿ. ಚಳಿ ಜಾಸ್ತಿಯಾದರೆ ಎರಡನ್ನೂ ಒಟ್ಟಿಗೆ ಹೊದೆಯಿರಿ. ಪದರ ಕಮ್ಮಿ ಇದ್ದರೆ ಸೂಜಿಯೂ ಸಲೀಸಾಗಿ ಹೋಗುತ್ತದೆ, ಮಕ್ಕಳ ಕೈಗೂ ಆಗುತ್ತದೆ.

ಹಾಸುವ ದಿನ ಮನೆಮಂದಿಯೆಲ್ಲ ಬೇಕು, ಇದೊಂದು ದಿನ ಮೀಟಿಂಗ್ ಇದೆ ಅಂತ ಯಾರನ್ನೂ ಬಿಡಬೇಡಿ. ನಡುಮನೆ ಗುಡಿಸಿ ಒರೆಸಿ ಒಣಗಿಸಿ. ಅಡಿಯ ಬಟ್ಟೆಯನ್ನು ಒಳಮೈ ಮೇಲೆ ಬರುವ ಹಾಗೆ ಹಾಸಿ, ನಾಲ್ಕು ಜನ ನಾಲ್ಕು ಮೂಲೆ ಹಿಡಿದು ಬಿಗಿಯಾಗಿ ಎಳೆದು ಕುಟ್ಟಾಣಿ, ಹಿಟ್ಟಿನ ಡಬ್ಬ ಏನಾದರೂ ಭಾರ ಇಡಿ. ಅದರ ಮೇಲೆ ಒಳಪದರ. ಹರಿದ ಸೀರೆ ಇಲ್ಲಿಗೇ, ತೂತಿದ್ದ ಕಡೆ ಒಂದು ಚೂರು ಇಟ್ಟರಾಯಿತು. ಮೇಲೆ ಒಂದು ಇಡೀ ಬಟ್ಟೆ ಹಾಸಿ ಅದರ ಮೇಲೆ ತೇಪೆ ಜೋಡಿಸಿ. ತೇಪೆ ಜೋಡಿಸುವುದನ್ನು ಮಕ್ಕಳಿಗೆ ಬಿಡಿ, ಬಣ್ಣ ಹೊಂದುತ್ತಿಲ್ಲ ಅಂತ ಮಧ್ಯೆ ಬಾಯಿ ಹಾಕಬೇಡಿ. ನನ್ನ ಮಗಳು ಅಪ್ಪನ ಹಳೇ ಚೆಕ್ಸ್ ಲುಂಗಿಯನ್ನೆಲ್ಲ ಒಂದೇ ಮೂಲೆಗೆ ಗುಡ್ಡೆ ಹಾಕಿದಳು, ಈಗ ಆ ಮೂಲೆಗೇ ಮನೆಯಲ್ಲಿ ಪೈಪೋಟಿ.

ಈಗ ಕಚ್ಚಾ ಹೊಲಿಗೆ. ಬೇರೆ ಬಣ್ಣದ ದಾರದಲ್ಲಿ, ದೊಡ್ಡ ದೊಡ್ಡ ಹೊಲಿಗೆ, ಗೇಣಿಗೊಂದು ಸಾಲು, ಉದ್ದಕ್ಕೂ ಅಡ್ಡಕ್ಕೂ. ಮಧ್ಯದಿಂದ ಅಂಚಿನ ಕಡೆಗೆ ಹೊಲಿಯುತ್ತಾ ಹೋಗಿ, ಸುಕ್ಕೆಲ್ಲ ಹೊರಗೆ ಹೋಗುತ್ತದೆ. ಇದು ಬೇಜಾರಿನ ಕೆಲಸ, ಆದರೆ ಇದನ್ನು ಬಿಟ್ಟರೆ ಪದರಗಳು ಒಂದರ ಮೇಲೊಂದು ಸರಿದು ಕೊನೆಗೆ ಮಧ್ಯೆ ಉಬ್ಬು ಬಂದು ಕೂರುತ್ತದೆ, ಅದನ್ನು ಆಮೇಲೆ ಯಾರಿಂದಲೂ ಸರಿಮಾಡಲು ಆಗುವುದಿಲ್ಲ. ಮೇಲಿನ ಮತ್ತು ಕೆಳಗಿನ ಬಟ್ಟೆಯ ಅಂಚನ್ನು ಅರ್ಧ ಇಂಚು ಒಳಕ್ಕೆ ಮಡಚಿ ಅದಕ್ಕೂ ಕಚ್ಚಾ ಹೊಲಿಗೆ ಹಾಕಿ.

ಆಮೇಲೆ ನಿಜವಾದ ಹೊಲಿಗೆ. ರನ್ನಿಂಗ್ ಸ್ಟಿಚ್, ಅಷ್ಟೇ, ಬೇರೆ ಏನೂ ಕಲಿಯಬೇಕಾಗಿಲ್ಲ. ಹೊಲಿಗೆ ಒಂದು ಅಕ್ಕಿಕಾಳಿನಷ್ಟು, ನಡುವಿನ ಜಾಗವೂ ಅಷ್ಟೇ. ಸಾಲಿಗೂ ಸಾಲಿಗೂ ಒಂದು ಬೆರಳು ಅಂತರ. ಸಾಲು ಹತ್ತಿರ ಹತ್ತಿರ ಬಂದಷ್ಟೂ ಬಾಳಿಕೆ ಜಾಸ್ತಿ, ಜೊತೆಗೆ ಕೌದಿ ಸ್ವಲ್ಪ ಬಿರುಸಾಗುತ್ತದೆ. ದಿನಸಿ ಅಂಗಡಿಯಲ್ಲಿ ಸಿಗುವ ಮಾಮೂಲಿ ರೀಲ್ ದಾರವನ್ನೇ ಜೋಡಿಯಾಗಿ ಪೋಣಿಸಿ. ಜೋಡಿ ದಾರ ಒಂದೂವರೆ ಅಡಿಗಿಂತ ಉದ್ದ ಬೇಡ, ಗಂಟುಗಂಟಾಗುತ್ತದೆ. ಜೇನುಮೇಣ ಇದ್ದರೆ ಅದಕ್ಕೆ, ಇಲ್ಲದಿದ್ದರೆ ಮೇಣದಬತ್ತಿಗೆ ಒಂದು ಸಲ ಉಜ್ಜಿಕೊಳ್ಳಿ. ಶುರುವಿನ ಗಂಟನ್ನು ಮೆಲ್ಲಗೆ ಎಳೆದು ಪದರದ ಒಳಗೆ ಅಡಗಿಸಿ. ಮುಗಿಯುವ ಕಡೆ ಅದೇ ಜಾಗದಲ್ಲಿ ಎರಡು ಸಲ ಹೊಲಿದು ಕತ್ತರಿಸಿ. ಸೂಜಿ ಎಳೆಯುವಾಗ ಜಾರಿದರೆ ಹಳೇ ಸೈಕಲ್ ಟ್ಯೂಬಿನ ಒಂದು ತುಂಡನ್ನು ಬೆರಳಿಗೆ ಸುತ್ತಿಕೊಳ್ಳಿ. ಇದು ಮೈದುನನ ಕಂಡುಹಿಡಿತ ಅಂತ ಅವನೇ ಹೇಳಿಕೊಳ್ಳುತ್ತಾನೆ, ಅತ್ತೆ ಒಪ್ಪುವುದಿಲ್ಲ.

ಹೊಲಿಗೆ ಅಂಚಿನಿಂದ ಒಳಕ್ಕೆ ಬರಲಿ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಹೆಣ್ಣುಮಕ್ಕಳು ತಮ್ಮ ಕವಂದಿಯನ್ನು ಹೀಗೇ ಸುತ್ತುತ್ತಾ ಮಧ್ಯಕ್ಕೆ ಬರುತ್ತಾರೆ, ಮೂಲೆಗಳಲ್ಲಿ ಮಡಚಿದ ಬಟ್ಟೆಯ ಫುಲಾ ಇಡದೆ ಅವರು ಮುಗಿಸುವುದಿಲ್ಲ. ಮನೆಮಂದಿಗೆ ಈ ಸುತ್ತಿನ ಲೆಕ್ಕ ತುಂಬಾ ಅನುಕೂಲ, ಯಾಕೆಂದರೆ ನಾಲ್ಕು ಬದಿಗೆ ನಾಲ್ಕು ಜನ ಕೂರಬಹುದು. ಒಬ್ಬೊಬ್ಬರದು ಒಂದೊಂದು ಬದಿ, ಒಂದು ಸುತ್ತು ಮುಗಿಯುವವರೆಗೆ ಯಾರೂ ಮುಂದೆ ಓಡಬಾರದು, ಓಡಿದರೆ ಆ ಕಡೆ ಬಟ್ಟೆ ಎಳೆದುಕೊಳ್ಳುತ್ತದೆ. ಕಣ್ಣು ಮಂಜಾದ ಹಿರಿಯರಿಗೆ ಬೆಳಗ್ಗೆಯೇ ಹತ್ತು ಸೂಜಿಗೆ ದಾರ ಪೋಣಿಸಿಡುವುದು ಮಕ್ಕಳ ಕೆಲಸ. ಗಂಡಸರು ದಾರ ಕತ್ತರಿಸಿ ಕೊಡುತ್ತೇನೆ, ಕಾಫಿ ಮಾಡುತ್ತೇನೆ ಅಂತ ಜಾರಿಕೊಳ್ಳುತ್ತಾರೆ. ಕಾಫಿ ಮಾಡಲಿ, ಆಮೇಲೆ ಅವರ ಬದಿಗೂ ಬಂದು ಕೂರಲಿ. ಇಲ್ಲದಿದ್ದರೆ ಮನೆಗೆಲಸದ ಪಟ್ಟಿಗೆ ಕೌದಿಯೂ ಸೇರಿ ಹೆಂಗಸರ ತಲೆಗೇ ಬರುತ್ತದೆ, ಅಲ್ವಾ?

ಕೆಲವು ಕಟ್ಟುಪಾಡು ಇರಲಿ. ಸೂಜಿ ಎಣಿಸಿ ಕೊಡಿ, ಎಣಿಸಿ ವಾಪಸ್ ತಗೊಳ್ಳಿ, ಒಂದು ಕಮ್ಮಿಯಾದರೂ ಸಿಗುವವರೆಗೆ ಯಾರೂ ಏಳಬಾರದು. ಹಾಳಾದ ಸ್ಪೀಕರಿನ ಆಯಸ್ಕಾಂತ ಇದ್ದರೆ ನೆಲದ ಮೇಲೆ ಆಡಿಸಿ. ಊಟ ಆದಮೇಲೆ ಬೆಳಕಿರುವಾಗ ಕೂತು ಸಂಜೆ ಕಾಫಿಗೆ ಎದ್ದುಬಿಡಿ, ಕರೆಂಟ್ ನಂಬಿ ರಾತ್ರಿ ಕೂರಬೇಡಿ. ಟಿವಿ ಹಾಕಬೇಡಿ. ದಿನವಿಡೀ ಸಾವಿನ ಸಂಖ್ಯೆ ನೋಡುತ್ತಾ ಹೊಲಿದರೆ ಕೈ ಬಿಗಿಯಾಗಿ ಹೊಲಿಗೆಯೂ ಬಿಗಿಯುತ್ತದೆ. ನಮ್ಮಲ್ಲಿ ಆಕಾಶವಾಣಿ ಹಾಸನ ಹಾಕಿಟ್ಟು ಕೂರುತ್ತಿದ್ದೆವು. ಮಕ್ಕಳು ಆನ್‌ಲೈನ್ ಕ್ಲಾಸ್ ಕೇಳುತ್ತಾ ಹೊಲಿದರೆ ಬೈಯಬೇಡಿ, ಕೈಗೆ ಕೆಲಸ ಇದ್ದಾಗ ಕಿವಿ ಚೆನ್ನಾಗಿ ಕೇಳುತ್ತದೆ. ಮತ್ತೆ ಎಲ್ಲಕ್ಕಿಂತ ಮುಖ್ಯ, ಒಬ್ಬರ ಹೊಲಿಗೆಯನ್ನು ಇನ್ನೊಬ್ಬರು ಬಿಚ್ಚಬಾರದು. ಅತ್ತೆ ಎಲ್ಲರೂ ಮಲಗಿದ ಮೇಲೆ ಮೊಮ್ಮಗನ ಸೊಟ್ಟ ಸಾಲು ಬಿಚ್ಚುತ್ತಿದ್ದುದು ಸಿಕ್ಕಿಬಿದ್ದಾಗ ಅವನು ಎರಡು ದಿನ ಸೂಜಿ ಮುಟ್ಟಲಿಲ್ಲ.

ಮನೆಯಲ್ಲಿ ಯಾರಿಗಾದರೂ ಜ್ವರ, ಕೆಮ್ಮು ಬಂದರೆ ಅವರು ಬೇರೆ ಕೋಣೆಯಲ್ಲಿ, ಉಳಿದವರು ಕಿಟಕಿ ತೆರೆದು ಕೂರಿ, ಅಕ್ಕಪಕ್ಕದವರನ್ನು ಹೊಲಿಗೆಗೆ ಕರೆಯಬೇಡಿ. ಜ್ವರ ಬಂದವರಿಗೆ ಬೇಜಾರು ಕಳೆಯಲು ಬೇರೆಯೇ ಒಂದಿಷ್ಟು ತೇಪೆ, ಸೂಜಿ ಕೊಡಿ. ಅದನ್ನು ಅವರು ಹುಷಾರಾದ ಮೇಲೆ ಸೋಪು, ಬಿಸಿನೀರಲ್ಲಿ ಒಗೆದು ದೊಡ್ಡ ಕೌದಿಗೆ ಸೇರಿಸಬಹುದು.

ಮಧ್ಯಕ್ಕೆ ಬಂದು ಮುಗಿದ ಮೇಲೆ ಕಚ್ಚಾ ದಾರ ಕಿತ್ತು, ಬಿಸಿಲಿರುವ ದಿನ ನೋಡಿ ಒಗೆಯಿರಿ. ಒದ್ದೆ ಕೌದಿ ವಿಪರೀತ ಭಾರ, ತಂತಿ ಬಾಗುತ್ತದೆ, ಗಟ್ಟಿ ಬಿದಿರಿನ ಗಳದ ಮೇಲೆ ಹರಡಿ. ಮಡಚಿಡುವಾಗ ಒಣಗಿಸಿದ ಲಕ್ಕಿ ಸೊಪ್ಪು ನಡುವೆ ಇಟ್ಟರೆ ಹುಳ ಹತ್ತಿರ ಬರುವುದು ಕಮ್ಮಿ. ವರ್ಷ ಕಳೆದು ಎಲ್ಲಾದರೂ ಹರಿದರೆ ಬಿಚ್ಚಲು ಹೋಗಬೇಡಿ, ಅದರ ಮೇಲೇ ಇನ್ನೊಂದು ತೇಪೆ ಇಟ್ಟು ಹೊಲಿಯಿರಿ.