ಉಸುಕಿಗೊಂದು, ಚಿರೇಕಲ್ಲಿಗೊಂದು: ಹಗುರ ಟೆಂಟ್ ಗೂಟಗಳನ್ನು ಆರಿಸುವುದು

ಕುಮಟಾದ ದಂಡೆಯಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಬಂದರೆ ದಾರಿ ಸುಮಾರು 60 ಕಿ.ಮೀ. ಅಷ್ಟರೊಳಗೆ ಕಾಲಡಿಯ ನೆಲ ಮೂರು ಬಗೆ. ದಂಡೆಯಲ್ಲಿ ಸಡಿಲ ಉಸುಕು, ಹಿಂದಿನ ಗುಡ್ಡಗಳ ನೆತ್ತಿಯಲ್ಲಿ ಚಿರೇಕಲ್ಲಿನ, ಅಂದರೆ ಜಂಬಿಟ್ಟಿಗೆಯ ಹಾಸು, ಘಟ್ಟದ ಮೇಲೆ ದರಕು (ಉದುರಿದ ಒಣ ಎಲೆ) ಮುಚ್ಚಿದ ಮೆತ್ತನೆ ಮಣ್ಣು. ಟೆಂಟ್ ಚೀಲದೊಳಗೆ ಕಂಪನಿಯವರು ಹಾಕಿ ಕೊಡುವ ಒಂದೇ ಬಗೆಯ ಗೂಟ ಈ ಮೂರಕ್ಕೂ ಸಾಲುವುದಿಲ್ಲ. ಹಗುರದ್ದು ಬೇಕೆಂದು ಗ್ರಾಂ ಮಾತ್ರ ನೋಡಿ ಕೊಂಡರೆ ದಂಡೆಯ ಮೇಲೆ ಟೆಂಟ್ ಹಾರುತ್ತದೆ, ಗುಡ್ಡದ ಮೇಲೆ ಗೂಟ ಬಾಗುತ್ತದೆ. ಮೊದಲು ನೆಲ ನೋಡಬೇಕು, ಆಮೇಲೆ ತೂಕ.

ತೂಕದ ಲೆಕ್ಕವನ್ನು ಮೊದಲೇ ಮುಗಿಸಿಬಿಡೋಣ. ಅಗ್ಗದ ಟೆಂಟಿನ ಜೊತೆ ಬರುವ ಕಬ್ಬಿಣದ ಗೂಟ 4 ಮಿ.ಮೀ. ದಪ್ಪದ ಸರಳು, ಒಂದಕ್ಕೆ 20 ಗ್ರಾಂ ಆಸುಪಾಸು. ಎಂಟಕ್ಕೆ 160 ಗ್ರಾಂ. ಎಂಟನ್ನೂ ಟೈಟೇನಿಯಂ ಕೊಕ್ಕೆ ಗೂಟಕ್ಕೆ ಬದಲಿಸಿದರೆ 50 ಗ್ರಾಂ ಚಿಲ್ಲರೆ. ಉಳಿದದ್ದು ನೂರು ಗ್ರಾಮಿಗಿಂತ ಸ್ವಲ್ಪ ಹೆಚ್ಚು, ಅಂದರೆ ಅರ್ಧ ಲೋಟ ನೀರು. ಇದಕ್ಕಾಗಿ ರಾತ್ರಿಯ ನಿದ್ದೆ ಪಣಕ್ಕಿಡುವುದರಲ್ಲಿ ಅರ್ಥವಿಲ್ಲ. ಬಗೆಬಗೆಯ ಗೂಟಗಳನ್ನು ಬೆರೆಸಿ ಒಯ್ದರೂ ಮೂಲದ 160 ಗ್ರಾಮಿಗಿಂತ ಕಡಿಮೆಯಲ್ಲೇ ಕೆಲಸ ಆಗುತ್ತದೆ.

ಗೂಟದ ಹಿಡಿತ ಎರಡರಿಂದ ಬರುತ್ತದೆ: ಅದು ಎಷ್ಟು ಆಳಕ್ಕೆ ಇಳಿದಿದೆ, ಹಗ್ಗ ಎಳೆಯುವ ದಿಕ್ಕಿಗೆ ಎಷ್ಟು ಅಗಲದ ಮೈ ಒಡ್ಡಿದೆ. ತೆಳು ಸರಳಿಗೆ ಅಗಲವಿಲ್ಲ. ಹಾಗಾಗಿ ಗಟ್ಟಿ ಮಣ್ಣಿನಲ್ಲಿ ಮಾತ್ರ ನಿಲ್ಲುತ್ತದೆ, ಸಡಿಲ ಮಣ್ಣನ್ನು ಸೀಳಿಕೊಂಡು ಮುಂದೆ ಬರುತ್ತದೆ. ವೈ ಆಕಾರದ ಗೂಟಕ್ಕೆ ಮೂರು ರೆಕ್ಕೆ. ಬಡಿದರೆ ಬೇಗ ಬಾಗುವುದಿಲ್ಲ, ಮಣ್ಣನ್ನು ಹೆಚ್ಚು ಹಿಡಿಯುತ್ತದೆ. ಎಂ.ಎಸ್.ಆರ್. ಕಂಪನಿಯ ಗ್ರೌಂಡ್‌ಹಾಗ್ ಈ ಜಾತಿಯದು. ಉದ್ದ 19 ಸೆಂ.ಮೀ., ತೂಕ ಸುಮಾರು 13 ಗ್ರಾಂ. ಅದೇ ಆಕಾರದ ಅಗ್ಗದ ಗೂಟಗಳೂ ಬೇಕಾದಷ್ಟು ಸಿಗುತ್ತವೆ, ಆದರೆ ಅಲ್ಯೂಮಿನಿಯಂ ಯಾವುದೆಂದು ಕೇಳಿ. 7075-ಟಿ6 ಎಂದಿದ್ದರೆ ಒಳ್ಳೆಯದು. 6061 ಎಂದಿದ್ದರೆ ಅದು ಬಾಗುವುದಕ್ಕೆ ಹೆಚ್ಚುಕಡಿಮೆ ಅರ್ಧದಷ್ಟು ಬಲ ಸಾಕು. ಏನೂ ಬರೆದಿಲ್ಲವಾದರೆ ಮೆದು ಲೋಹವೆಂದೇ ತಿಳಿಯಿರಿ.

ವಿ ಆಕಾರದ್ದು ಒಂದರೊಳಗೊಂದು ಕೂರುತ್ತದೆ, ಚೀಲದಲ್ಲಿ ಜಾಗ ಉಳಿಯುತ್ತದೆ. ಅದರ ತೊಂದರೆ ಮೇಲ್ತುದಿಯಲ್ಲಿ. ನಾಲ್ಕು ಸಲ ಕಲ್ಲಿನಿಂದ ಬಡಿದ ಮೇಲೆ ಅಂಚು ಮಡಚಿ ಚೂಪಾಗುತ್ತದೆ, ಗಾಳಿಗೆ ಅಲುಗುವ ಹಗ್ಗವನ್ನು ಮೆಲ್ಲಗೆ ಕೊಯ್ಯುತ್ತದೆ. ಸಣ್ಣ ಅರದಿಂದ ಉಜ್ಜಿದರೆ ಸರಿ. ಕಾರ್ಬನ್ ಕೊಳವೆಯ ಗೂಟ ಕಲ್ಲೇಟಿಗೆ ಸೀಳುತ್ತದೆ, ನಮ್ಮ ಕಡೆಯ ನೆಲಕ್ಕೆ ಅದು ಬೇಡ. ಪ್ಲಾಸ್ಟಿಕ್ಕಿನದು ಕಾರಿನಲ್ಲಿ ಹೋಗುವವರಿಗೆ ಇರಲಿ.

ಟೈಟೇನಿಯಂ ಕೊಕ್ಕೆ ಗೂಟದ ಗುಣ ಬೇರೆ. ತೆಳ್ಳಗಿರುವುದರಿಂದ ಬೇರು, ಹರಳುಗಳ ಸಂದಿಯಲ್ಲಿ ದಾರಿ ಮಾಡಿಕೊಂಡು ಇಳಿಯುತ್ತದೆ. ಉಪ್ಪುನೀರು ಅದನ್ನು ಮುಟ್ಟುವುದಿಲ್ಲ. ಆದರೆ ಕೊಕ್ಕೆಯ ಮೇಲೆ ಓರೆಯಾಗಿ ಏಟು ಬಿದ್ದರೆ ಕತ್ತು ಬಾಗುತ್ತದೆ. ಮೆತ್ತನೆ ನೆಲದಲ್ಲಿ ಗೂಟ ತಾನೇ ತಿರುಗಿ, ಕೊಕ್ಕೆಯ ಬಾಯಿ ಟೆಂಟಿನ ಕಡೆಯಾಗಿ, ಹಗ್ಗ ಜಾರಿ ಹೊರಬರುತ್ತದೆ. ಇದನ್ನು ತಪ್ಪಿಸಲು ಹಗ್ಗವನ್ನು ಸುಮ್ಮನೆ ಸಿಕ್ಕಿಸದೆ ಕತ್ತಿಗೆ ಒಂದು ಸುತ್ತು ಸುತ್ತಿ, ಕೊಕ್ಕೆಯ ತುದಿ ಮಣ್ಣಿಗೆ ತಾಗುವಷ್ಟು ಇಳಿಸಬೇಕು.

ಟೈಟೇನಿಯಂ ಎಂದು ಸ್ಟೀಲ್ ಮಾರುವುದೂ ಉಂಟು. ಅಯಸ್ಕಾಂತ ಅಂಟಿದರೆ ಸುಳ್ಳೆಂಬುದು ಖಚಿತ. ಆದರೆ ಕೆಲವು ಜಾತಿಯ ಸ್ಟೇನ್‌ಲೆಸ್ ಸ್ಟೀಲಿಗೂ ಅಯಸ್ಕಾಂತ ಅಂಟುವುದಿಲ್ಲ, ಆದ್ದರಿಂದ ತಕ್ಕಡಿಯೇ ನಂಬಿಕಸ್ಥ. 3 ಮಿ.ಮೀ. ದಪ್ಪದ, ಕೊಕ್ಕೆ ಬಿಡಿಸಿ ಅಳೆದರೆ 20 ಸೆಂ.ಮೀ. ಆಗುವ ಗೂಟ ಟೈಟೇನಿಯಂ ಆದರೆ 6.4 ಗ್ರಾಂ ಸುಮಾರು, ಸ್ಟೀಲ್ ಆದರೆ 11. ಒಂದನ್ನೇ ತೂಗಬೇಡಿ, ಆರೆಂಟು ಒಟ್ಟಿಗೆ ತೂಗಿ ಭಾಗಿಸಿ.

ದಂಡೆಯ ಮೇಲೆ

ಗೋಕರ್ಣದ ಕುಡ್ಲೆ ಇರಲಿ, ಮಾಜಾಳಿಯ ತಿಳಮಾತಿ ಇರಲಿ, ಒಣ ಉಸುಕಿನಲ್ಲಿ ಯಾವ ಹಗುರ ಗೂಟವನ್ನೂ ನೆಟ್ಟಗೆ ಊರಿ ನಂಬಬಾರದು. ಉಸುಕಿಗೆಂದೇ 25–30 ಸೆಂ.ಮೀ. ಉದ್ದದ, ತೂತುಗಳಿರುವ ಅಗಲ ಅಲ್ಯೂಮಿನಿಯಂ ಪಟ್ಟಿಗಳಿವೆ. ಅವು ಭಾರ, ಒಂದೆರಡು ರಾತ್ರಿಗಾಗಿ ಎಂಟನ್ನು ಹೊರುವುದು ದಂಡ. ಇರುವ ಗೂಟವನ್ನೇ ಅಡ್ಡ ಹೂಳುವುದು ಉತ್ತಮ.

ಒಂದು ಅಡಿ ಆಳದ ಗುಂಡಿ ತೋಡಿ. ಗೂಟದ ನಡುಮಧ್ಯಕ್ಕೆ ಹಗ್ಗ ಬಿಗಿದು, ಹಗ್ಗದ ಎಳೆತಕ್ಕೆ ಅಡ್ಡಲಾಗಿ ಗುಂಡಿಯ ತಳದಲ್ಲಿ ಮಲಗಿಸಿ. ಗುಂಡಿಯಿಂದ ಟೆಂಟಿನ ಕಡೆಗೆ ಹಗ್ಗ ಓರೆಯಾಗಿ ಮೇಲೆ ಬರುವಂತೆ ಸಣ್ಣ ಕಾಲುವೆ ಕೊರೆಯಿರಿ. ಈ ಕಾಲುವೆ ಮಾಡದೇ ಬಿಟ್ಟರೆ ಹಗ್ಗ ನೇರ ಮೇಲಕ್ಕೆ ಎಳೆದು ಗೂಟವನ್ನು ಎತ್ತಿಬಿಡುತ್ತದೆ. ಹೆಚ್ಚಿನವರದು ಕಿತ್ತುಬರುವುದು ಇದೇ ಕಾರಣಕ್ಕೆ. ಉಸುಕು ಮುಚ್ಚುವಾಗ ಅರ್ಧಕ್ಕೊಮ್ಮೆ ನೀರು ಹೊಯ್ದು ಕಾಲಿನಿಂದ ತುಳಿಯಿರಿ. ಒದ್ದೆ ಉಸುಕಿನ ಹಿಡಿತವೇ ಬೇರೆ. ರಾತ್ರಿ ಅದು ಒಣಗಿದರೆ ಹಿಡಿತವೂ ಸಡಿಲವಾಗುತ್ತದೆ, ಆದ್ದರಿಂದ ನೀರನ್ನೇ ನಂಬಿ ಗುಂಡಿಯ ಆಳ ಕಡಿಮೆ ಮಾಡಬೇಡಿ.

ತೆಳು ಕೊಕ್ಕೆ ಗೂಟ ಹೂತರೂ ಪ್ರಯೋಜನ ಕಡಿಮೆ, ಅಗಲವೇ ಇಲ್ಲವಲ್ಲ. ಅದರ ಬದಲು 5 ಕೆ.ಜಿ. ಅಕ್ಕಿಯ ಖಾಲಿ ಚೀಲ ನಾಲ್ಕು ಮಡಚಿ ಒಯ್ಯಿರಿ. ಉಸುಕು ತುಂಬಿ, ಬಾಯಿ ಕಟ್ಟಿ, ನಡುವಿಗೆ ಹಗ್ಗ ಸುತ್ತಿ ಹೂತರೆ ದುಬಾರಿ ಗೂಟಕ್ಕಿಂತ ಚೆನ್ನಾಗಿ ನಿಲ್ಲುತ್ತದೆ. ದಂಡೆಗೆ ಬಿದ್ದ ಕಟ್ಟಿಗೆ, ತೆಂಗಿನ ಗರಿಯ ಬುಡದ ತುಂಡು ಸಿಕ್ಕರೂ ಆಯಿತು.

ಗಾಳಿಯ ದಿಕ್ಕಿನಲ್ಲೂ ಒಂದು ಮೋಸವಿದೆ. ಮಧ್ಯಾಹ್ನದಿಂದ ಸಂಜೆಯವರೆಗೆ ಕಡಲಿನಿಂದ ಬೀಸುವ ಗಾಳಿ ರಾತ್ರಿ ತಿರುಗಿ ಗುಡ್ಡದ ಕಡೆಯಿಂದ ಬರುತ್ತದೆ. ಸಂಜೆ ಪಡುವಣಕ್ಕೆ ಮಾತ್ರ ಬಿಗಿದು ಮಲಗಿದವರ ಟೆಂಟ್ ಬೆಳಗಿನ ಜಾವ ಮೂಡಣದ ಕಡೆಯಿಂದ ಕುಸಿಯುತ್ತದೆ. ಎರಡೂ ಬದಿಯ ಹಗ್ಗ ಕಟ್ಟಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಭರತ ಹೆಚ್ಚು ಮೇಲೆ ಬರುತ್ತದೆ. ಒಣಕಸದ ಗೆರೆ ಎಲ್ಲಿದೆ ನೋಡಿ, ಅದರಿಂದ ಸಾಕಷ್ಟು ಹಿಂದೆ ಸರಿಯಿರಿ. ರಂಪಣಿ ಬಲೆ ಎಳೆಯುವ ಜಾಗ, ದೋಣಿ ಎಳೆದಿಡುವ ದಾರಿ ಬೇಡ. ಅಲ್ಲಿ ಬರಿಗಾಲಲ್ಲಿ ಓಡಾಡುವವರಿದ್ದಾರೆ, ಉಸುಕಿನಲ್ಲಿ ಮರೆತ ಗೂಟ ಅವರ ಅಂಗಾಲಿಗೆ ಹೊಕ್ಕುತ್ತದೆ. ಹೊನ್ನಾವರದ ಕಾಸರಕೋಡ ಟೊಂಕದಂಥ ಕಡಲಾಮೆ ಮೊಟ್ಟೆಯಿಡುವ ದಂಡೆಗಳಲ್ಲಿ ಚಳಿಗಾಲ, ಬೇಸಿಗೆಗಳಲ್ಲಿ ಗುಂಡಿ ತೋಡಲೇಬಾರದು.

ಗಾಳಿಮರದ ತೋಪಿನೊಳಗೆ ಕೆಲಸ ಸುಲಭ. ಉಸುಕನ್ನು ಬೇರುಗಳು ಹೆಣೆದಿರುತ್ತವೆ. ಇಲ್ಲಿ ಕೊಕ್ಕೆ ಗೂಟವೇ ಸಾಕು.

ಚಿರೇಕಲ್ಲಿನ ಗುಡ್ಡ

ಬಿಸಿಲಿಗೆ ತೆರೆದಿಟ್ಟ ಚಿರೇಕಲ್ಲು ಗಟ್ಟಿಯಾಗುತ್ತ ಹೋಗುತ್ತದೆ, ಗುಡ್ಡದ ನೆತ್ತಿಯ ಹಾಸಿನಲ್ಲಿ ಗೂಟ ಎರಡು ಸೆಂ.ಮೀ. ಕೂಡ ಇಳಿಯದಿರಬಹುದು. ಏಟಿನ ಬಲ ಹೆಚ್ಚಿಸಬೇಡಿ. ಹತ್ತಿಪ್ಪತ್ತು ಸೆಂ.ಮೀ. ಪಕ್ಕಕ್ಕೆ ಸರಿದು, ಹರಳುಮಣ್ಣು ತುಂಬಿದ ಕುಳಿ ಹುಡುಕಿ. ಹಾರ್ಡ್‌ವೇರ್ ಅಂಗಡಿಯ ಆರು ಇಂಚಿನ ಕಬ್ಬಿಣದ ಮೊಳೆ ಒಂದೇ ಒಂದು ಜೊತೆಗಿರಲಿ, ತೂಕ ಮೂವತ್ತು ಗ್ರಾಮಿನ ಮೇಲೆ. ಮೊದಲು ಅದನ್ನು ಬಡಿದು ತೂತು ಮಾಡಿ, ಅಲುಗಿಸಿ ಕಿತ್ತು, ಅದೇ ತೂತಿಗೆ ಕೊಕ್ಕೆ ಗೂಟ ಇಳಿಸಿ. ಒಂದೇ ಮೊಳೆ ಎಂಟು ತೂತಿಗೂ ಆಗುತ್ತದೆ. ಬಡಿಯಲು ಚಿರೇಕಲ್ಲಿನ ತುಂಡು ಎತ್ತಿಕೊಂಡರೆ ಅದು ಕೈಯಲ್ಲೇ ಪುಡಿಯಾಗುತ್ತದೆ. ಹಳ್ಳದ ಉರುಟು ಕಲ್ಲು ಬೇಕು.

ಏನೂ ಇಳಿಯದ ಕಡೆ ಕಲ್ಲಿಗೇ ಕಟ್ಟಬೇಕು. ಹಗ್ಗವನ್ನು ನೇರ ದೊಡ್ಡ ಕಲ್ಲಿಗೆ ಸುತ್ತಿದರೆ ಒರಟು ಮೈಗೆ ಉಜ್ಜಿ ಬೆಳಗಾಗುವುದರೊಳಗೆ ಹರಿಯುತ್ತದೆ. ಹಗ್ಗದ ತುದಿಯ ಕುಣಿಕೆಗೆ ಒಂದು ಗೂಟವನ್ನು ಅಡ್ಡ ಸಿಕ್ಕಿಸಿ ನೆಲದ ಮೇಲಿಡಿ, ಅದರ ಮುಂದೆ, ಟೆಂಟಿನ ಬದಿಗೆ, ಹಗ್ಗದ ಮೇಲೆ ಒಂದು ಕಲ್ಲು ಹೇರಿ. ಗೂಟ ಆ ಕಲ್ಲಿಗೆ ತಡೆದು ನಿಲ್ಲುತ್ತದೆ. ಕಲ್ಲು ಐದಾರು ಕೆ.ಜಿ. ಇದ್ದರೆ ಸಾಧಾರಣ ಗಾಳಿಗೆ ಸಾಕು. ಮೇಲೆ ಇನ್ನೊಂದು ಹೇರಿದರೆ ನಿಶ್ಚಿಂತೆ.

ಘಟ್ಟದ ಮೇಲೆ

ಶಿರಸಿ, ಸಿದ್ದಾಪುರದ ಕಡೆ ತಪ್ಪು ಆಗುವುದು ದರಕಿನಿಂದ. ನಾಲ್ಕು ಬೆರಳು ದಪ್ಪದ ಒಣ ಎಲೆಯ ಮೇಲಿಂದಲೇ ಗೂಟ ಚುಚ್ಚಿ ‘ಎಷ್ಟು ಸಲೀಸಾಗಿ ಇಳಿಯಿತು’ ಎಂದರೆ ಅದು ಮಣ್ಣಿಗೆ ಇಳಿದದ್ದು ಅರ್ಧ ಮಾತ್ರ. ದರಕು ಸರಿಸಿ, ಮಣ್ಣು ಕಂಡ ಮೇಲೆ ಊರಿ. ಹೊರಡುವಾಗ ದರಕು ಮತ್ತೆ ಹರಡಿ. ಇಲ್ಲಿ ವೈ ಗೂಟವೇ ಸರಿ, 19–20 ಸೆಂ.ಮೀ.ಗಿಂತ ಗಿಡ್ಡದ್ದು ಮಳೆ ಹಿಡಿದ ಮಣ್ಣಿನಲ್ಲಿ ನಿಲ್ಲದು. ಹೆಚ್ಚು ಭಾರ ಬೀಳುವ ಹಗ್ಗಕ್ಕೆ ಎರಡು ಗೂಟ ಹಾಕಿ: ಒಂದರ ಹಿಂದೆ ಒಂದು ಗೇಣು ಬಿಟ್ಟು ಇನ್ನೊಂದು, ಮುಂದಿನದರ ತಲೆಯಿಂದ ಹಿಂದಿನದಕ್ಕೆ ಬಿಗಿಯಾದ ಹಗ್ಗ.

ಅಡಿಕೆ ತೋಟದಲ್ಲಿ ಯಜಮಾನರು ಜಾಗ ಕೊಟ್ಟರೂ ಗೂಟ ಬಡಿಯುವ ಮೊದಲು ನೀರಿನ ಪೈಪು ಎಲ್ಲಿ ಹಾದಿದೆ ಕೇಳಿ. ವೈ ಗೂಟದ ಮೊನೆಗೆ ಡ್ರಿಪ್ ಪೈಪು ಏನೂ ಅಲ್ಲ. ಕೊಯ್ಲಾದ ಗದ್ದೆ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಬಿರುಕಿಗೆ ಊರಿದ ಗೂಟ ಹಾಗೇ ಎದ್ದು ಬರುತ್ತದೆ. ಕಾಡಿನಲ್ಲಾದರೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಟೆಂಟ್ ಹಾಕುವ ಯೋಚನೆಯೇ ಬೇಡ.

ಊರುವ ಕೋನ, ಕಟ್ಟುವ ಗಂಟು

45 ಡಿಗ್ರಿ ಓರೆಯಾಗಿ ಊರಬೇಕು ಎಂಬುದು ಎಲ್ಲರ ಬಾಯಲ್ಲಿರುವ ಮಾತು. ಲೆಕ್ಕ ಹಾಕಿ ನೋಡಿ: 20 ಸೆಂ.ಮೀ. ಗೂಟ ಆ ಓರೆಯಲ್ಲಿ 14 ಸೆಂ.ಮೀ. ಆಳಕ್ಕಷ್ಟೇ ಇಳಿಯುತ್ತದೆ. ನೆಟ್ಟಗಿಗಿಂತ 20 ಡಿಗ್ರಿಯಷ್ಟು ಮಾತ್ರ ಓರೆ ಮಾಡಿದರೆ ಸುಮಾರು 19. ಕೆಳಗೆ ಹೋದಷ್ಟೂ ಮಣ್ಣು ಗಟ್ಟಿ, ಹಿಡಿತವೂ ಹೆಚ್ಚು. ತಲೆ ಟೆಂಟಿನಿಂದ ಆಚೆಗೆ, ಮೊನೆ ಟೆಂಟಿನ ಕಡೆಗೆ ಇರಲಿ. ಹಗ್ಗ ನೆಲಮಟ್ಟದಲ್ಲೇ ಗೂಟವನ್ನು ಹಿಡಿಯಬೇಕು. ಎರಡು ಬೆರಳು ಮೇಲೆ ಕಟ್ಟಿದರೂ ಅದು ಸನಿಕೆಯ ಹಿಡಿಯಂತೆ ಮೀಟಿ ಗೂಟವನ್ನು ಎಬ್ಬಿಸುತ್ತದೆ.

ಗಾಳಿ ಬರುವ ಬದಿಯ ಎರಡು ಮೂಲೆ ಮೊದಲು ಬಿಗಿಯಿರಿ, ಮಿಕ್ಕದ್ದು ಆಮೇಲೆ. ಪ್ರತಿ ಹಗ್ಗವನ್ನೂ ಅದು ಹೋಗುವ ದಿಕ್ಕಿನಲ್ಲೇ ಜಗ್ಗಿ ನೋಡಿ, ಗೂಟ ಅಲುಗಿದರೆ ಜಾಗ ಬದಲಿಸಿ. ನೈಲಾನ್ ಬಟ್ಟೆಯ ಟೆಂಟ್ ಒದ್ದೆಯಾದಾಗ ಸಡಿಲವಾಗುತ್ತದೆ, ಮಲಗುವ ಮೊದಲು ಇನ್ನೊಮ್ಮೆ ಬಿಗಿಯಬೇಕು. ಅದು ಗೂಟದ ತಪ್ಪಲ್ಲ.

ಇಬ್ಬರ ಡೋಮ್ ಟೆಂಟಿಗೆ ನಮ್ಮ ಜಿಲ್ಲೆಯಲ್ಲಿ ಓಡಾಡಲು ಹೀಗೆ ಕಟ್ಟಿಕೊಳ್ಳಿ: ನಾಲ್ಕು ಮೂಲೆಗೆ ಟೈಟೇನಿಯಂ ಕೊಕ್ಕೆ, ಮುಂದಿನ ಚಾಚು ಮತ್ತು ಗಾಳಿ ಹಗ್ಗಗಳಿಗೆ ನಾಲ್ಕು ವೈ, ಒಂದು ಮೊಳೆ. ಒಟ್ಟು 115 ಗ್ರಾಂ ಆಸುಪಾಸು, ಅಕ್ಕಿ ಚೀಲ ಬೇರೆ. ಚಾರಣದ ಕೋಲಿಗೆ ಆನಿಸಿ ನಿಲ್ಲಿಸುವ ಟೆಂಟಾದರೆ ಮಾತು ಬೇರೆ. ಅಲ್ಲಿ ಒಂದು ಮುಖ್ಯ ಗೂಟ ಕಿತ್ತರೆ ಇಡೀ ಟೆಂಟ್ ಮೈಮೇಲೆ. ಎಲ್ಲವೂ ವೈ ಇರಲಿ, ಮೇಲೆ ಒಂದೆರಡು ಹೆಚ್ಚಿಗೆ.

ಪ್ರತಿ ಗೂಟಕ್ಕೂ ಕೆಂಪೋ ಹಳದಿಯೋ 2 ಮಿ.ಮೀ. ದಾರದ ಕುಣಿಕೆ ಕಟ್ಟಿ. ಬೂದು ಟೈಟೇನಿಯಂ ದರಕಿನಲ್ಲಿ ಬಿದ್ದರೆ ಹುಡುಕಿ ಸಿಗುವುದಿಲ್ಲ. ಕೀಳುವಾಗ ಟೆಂಟಿನ ಪಟ್ಟಿ ಹಿಡಿದು ಜಗ್ಗಬೇಡಿ, ಹೊಲಿಗೆ ಬಿಡುತ್ತದೆ. ಇನ್ನೊಂದು ಗೂಟವನ್ನು ಕುಣಿಕೆಗೆ ಹಾಕಿ, ಇಳಿದ ಓರೆಯಲ್ಲೇ ತಿರುವುತ್ತ ಎಳೆಯಿರಿ. ಎಣಿಸಿ ಚೀಲಕ್ಕೆ ಹಾಕಿ. ಕಡಲ ಕಡೆಯಿಂದ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆಯಲೇಬೇಕು. 7075 ಅಲ್ಯೂಮಿನಿಯಂ ಗಟ್ಟಿಯಾದರೂ ಉಪ್ಪಿಗೆ ಅಂಜುವ ಲೋಹ, ಉಸುಕು ಉಜ್ಜಿ ಬಣ್ಣದ ಪದರ ಹೋದ ಕಡೆ ಬಿಳಿ ಪುಡಿ ಏಳುತ್ತದೆ. ಒಣಗಿಸಿ, ಬೇರೆಯೇ ದಪ್ಪ ಬಟ್ಟೆಯ ಚೀಲದಲ್ಲಿಡಿ. ಟೆಂಟಿನೊಳಗೇ ಸುತ್ತಿಟ್ಟರೆ ಮೊನೆಗಳು ಬಟ್ಟೆಗೆ ತೂತು ಹಾಕುತ್ತವೆ.